ಕರಿಪುಡಿ ಹಚ್ಚಿದ ಶೇಂಗಾ

ಹೊಲಕ್ಕೆ ಹೋಗುವ ಕೆಲಸ ನನಗೆ ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಸಿಟ್ಟು ಮಾಡಿಕೊಂಡಿದ್ದಕ್ಕೆಲ್ಲ ಅರ್ಥ ಸಿಗುವುದಿಲ್ಲ. ಹಗರಿಬೊಮ್ಮನಹಳ್ಳಿಯ ಹೊರಗೆ ತಗಡಿನ ಚಾವಣಿಯ ಸಣ್ಣ ಘಟಕವೊಂದರಲ್ಲಿ ನಾನು ವರ್ಷಗಟ್ಟಲೆ ಒಳಗಿನ ಕೆಲಸ ಮಾಡಿದವಳು. ಅಲ್ಲಿ ತಯಾರಾಗುವುದು ಜೈವಿಕ ಗೊಬ್ಬರ. ಮಣ್ಣಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಗಾಜಿನ ಬುರುಡೆಗಳಲ್ಲಿ ಬೆಳೆಸಿ, ನುಣ್ಣಗೆ ಅರೆದ ಇದ್ದಿಲ ಪುಡಿಯಲ್ಲಿ ಕಲಸಿ, ಪಾಕೀಟು ಮಾಡಿ ಕಳಿಸುತ್ತೇವೆ. ಜೋಳ, ನವಣೆ, ಸಜ್ಜೆಗೆ ಒಂದು ಬಗೆ. ಶೇಂಗಾ, ತೊಗರಿಗೆ ಇನ್ನೊಂದು ಬಗೆ. ರೈತರು ಎರಡಕ್ಕೂ ಒಂದೇ ಹೆಸರಿಟ್ಟಿದ್ದಾರೆ, ಕರಿಪುಡಿ.

ಒಳಗಿನ ಕೆಲಸ ಕೆಟ್ಟದ್ದೇನಲ್ಲ. ನೆರಳಿದೆ, ತಿಂಗಳ ಸಂಬಳವಿದೆ, ಕೂರಲು ಸ್ಟೂಲು ಇದೆ. ಆದರೆ ಒಳಗಿದ್ದವಳನ್ನು ಯಾರೂ ಏನೂ ಕೇಳುವುದಿಲ್ಲ. ನನ್ನವ್ವ ಹರೆಯದಿಂದ ಮುಪ್ಪಿನವರೆಗೆ ಬೇರೆಯವರ ಹೊಲದಲ್ಲಿ ಕಳೆ ತೆಗೆದವಳು. ಅವಳಿಗೆ ಮಣ್ಣಿನ ಬಗ್ಗೆ ಹೇಳಲು ಬೇಕಾದಷ್ಟಿತ್ತು. ಆದರೆ ಹೊಲದವರು ಯಾರೂ ಅವಳನ್ನು ಒಂದು ಮಾತು ಕೇಳಿದ್ದು ನನಗೆ ನೆನಪಿಲ್ಲ. ಹೊಲದ ನಡುವೆ ನಿಂತು ನಾನು ಮಾತಾಡಬೇಕು, ಹೊಲದವರು ನಿಂತು ಕೇಳಬೇಕು ಎಂಬ ಹಟ ನನಗೆ ಯಾವಾಗ ಹತ್ತಿತೋ ತಿಳಿಯದು, ಹತ್ತಿದ್ದಂತೂ ನಿಜ.

ಹೊಲ ಸುತ್ತುವ ಕ್ಷೇತ್ರ ಸಹಾಯಕರೊಬ್ಬರು ಕೆಲಸ ಬಿಟ್ಟು ಹೋದಾಗ ಸಾಹೇಬರ ಮುಂದೆ ನಿಂತು ಕೇಳಿಯೇಬಿಟ್ಟೆ. ನಮ್ಮ ಸಾಹೇಬರು ಮೈಸೂರಿನ ಕಡೆಯವರು. ಒಳ್ಳೆಯ ಮನುಷ್ಯ, ಗಲಾಟೆಯಾಗದಿದ್ದರೆ ಇನ್ನೂ ಒಳ್ಳೆಯವರು. ತುಸು ಹೊತ್ತು ಪೆನ್ನನ್ನು ತಿರುವಿದರು.

"ಈ ಮುಂಗಾರಿಗೆ ಒಂದು ಪ್ರಾತ್ಯಕ್ಷಿಕೆ ನೀನೇ ಮಾಡಮ್ಮ. ಅರ್ಧ ಹೊಲಕ್ಕೆ ನಮ್ಮ ಪುಡಿ, ಅರ್ಧ ಹೊಲ ಹಾಗೇ ಬಿಡು. ವ್ಯತ್ಯಾಸ ಕಂಡರೆ ಹುದ್ದೆ ನಿನಗೆ. ಕಾಣದಿದ್ದರೆ ಮತ್ತೆ ಪ್ಯಾಕಿಂಗಿಗೆ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬಾರ್ದು," ಎಂದರು.

ಬೇಜಾರು ಏಕೆ ಮಾಡಿಕೊಳ್ಳಲಿ? ಪುಡಿಯ ಬಗ್ಗೆ ನನಗಿದ್ದ ನಂಬಿಕೆ ನನ್ನ ಬಗ್ಗೆಯೂ ನನಗೆ ಇರಲಿಲ್ಲ. ಅದರ ಮೂಲ ಬ್ಯಾಕ್ಟೀರಿಯಾ ನೀಲಗುಂದದ ಕಡೆಯ ಒಂದು ಕೆಂಪು ಹೊಲದ ಶೇಂಗಾ ಬೇರಿನಿಂದ ತೆಗೆದದ್ದು. ಪರದೇಶದ್ದಲ್ಲ, ನಮ್ಮ ಬಿಸಿಲು ತಿಂದು ಬೆಳೆದದ್ದು. ಬಿತ್ತುವ ದಿನ ಬೆಲ್ಲದ ನೀರಿನಲ್ಲಿ ಪುಡಿ ಕಲಸಿ ಬೀಜಕ್ಕೆ ಹಚ್ಚಬೇಕು, ನೆರಳಲ್ಲಿ ಆರಿಸಬೇಕು, ಆರಿದ ಕೂಡಲೇ ಬಿತ್ತಬೇಕು. ಬೀಜ ಬೇರು ಬಿಟ್ಟಾಗ ಅದು ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಕೊಳ್ಳುತ್ತದೆ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತದೆ. ಮಳೆ ಒಂದು ವಾರ ತಡವಾದರೂ ಅಂಥ ಗಿಡ ತಡೆದುಕೊಳ್ಳುತ್ತದೆ. ಒಣಭೂಮಿಯವರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಊರು ಗೊತ್ತಾಯಿತು. ಆ ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಕ್ಕಪಕ್ಕದ ಊರಿನವರು ತಾವೇನೋ ಬೇರೆ ಎಂದುಕೊಳ್ಳುತ್ತಾರೆ. ಹೊಲದ ಯಜಮಾನರು ಹಿರಿಯರು, ಹಣೆ ತುಂಬ ವಿಭೂತಿ, ಮೃದು ಮಾತು. ಕಟ್ಟೆಯ ಮೇಲೆ ಕೂತಿದ್ದವರು ನಾನು ಬಂದಾಗ ಎದ್ದು ನಿಂತರು.

"ಬರ್ರಿ ಮೇಡಮ್ಮಾರ, ಕುಂದರ್ರಿ. ಯಾವೂರಾತು ನಿಮ್ದು?"

ಕೋಗಳಿ ಹತ್ತಿರದ ನಮ್ಮ ಊರಿನ ಹೆಸರು ಹೇಳಿದೆ.

"ಹೌದಾ? ಅಲ್ಲಿ ನಮ್ಮ ಬೀಗರದಾರ. ನೀವು ಯಾರ ಪೈಕಿ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿರುತ್ತದೆ. ನನ್ನ ಅಣ್ಣ ಹೇಳಿಕೊಟ್ಟಂತೆ 'ಬೌದ್ಧರು' ಎನ್ನಬಹುದಿತ್ತು. ಅದಕ್ಕೆ 'ಅಂದ್ರ?' ಎಂಬ ಮರುಪ್ರಶ್ನೆ ಬರುತ್ತದೆ. ಸುತ್ತಿ ಬಳಸುವುದು ಬೇಡವೆಂದು ನಮ್ಮ ಕೇರಿಯ ಹೆಸರನ್ನೇ ಹೇಳಿದೆ. ಯಜಮಾನರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಆಗ್ಲಿ, ಆಗ್ಲಿ. ಓದ್ಕೊಂಡು ಮುಂದ ಬಂದೀರಿ, ಚಲೋ ಆತು," ಎಂದರು. ಒಳಗಿನಿಂದ ಚಹಾ ಬಂತು, ಅವರಿಗೆ ಸ್ಟೀಲಿನ ಲೋಟದಲ್ಲಿ, ನನಗೆ ಪೇಪರ್ ಕಪ್ಪಿನಲ್ಲಿ. ಪೇಪರ್ ಕಪ್ಪು ಬಂದ ಮೇಲೆ ನಮ್ಮ ಸೀಮೆಯಲ್ಲಿ ಎಲ್ಲರ ಮರ್ಯಾದೆಯೂ ಉಳಿದಿದೆ. ಕುಡಿದವರು ಎಸೆದುಹೋಗುತ್ತಾರೆ, ಕೊಟ್ಟವರು ತೊಳೆಯಬೇಕಿಲ್ಲ, ಯಾರೂ ಯಾರನ್ನೂ ಏನೂ ಅಂದಂತೆಯೂ ಆಗುವುದಿಲ್ಲ. ಚಹಾ ಚೆನ್ನಾಗಿತ್ತು, ಕುಡಿದೆ.

ಮಳೆ ಹದವಾಗಿ ಬಿದ್ದ ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೋದೆ. ಅಂಗಳದ ಬೇವಿನ ಮರದ ಕೆಳಗೆ ತಾಡಪಾಲು ಹಾಸಿ ಶೇಂಗಾ ಬೀಜ ಹರವಿದ್ದರು. ಬೆಲ್ಲದ ನೀರು ಕಾಯಿಸಿ ಆರಿಸಿ ಇಟ್ಟಿರಲು ಹೇಳಿದ್ದೆ, ಇಟ್ಟಿದ್ದರು. ಯಜಮಾನರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅವರ ಸೊಸೆ ಹಿಂದೆ. ನಾನು ಸೋಪಿನಿಂದ ಕೈ ತೊಳೆದು, ಚೀಲದಿಂದ ಸ್ಪಿರಿಟ್ ತೆಗೆದು ಮೊಣಕೈವರೆಗೆ ಹಚ್ಚಿಕೊಂಡೆ. ನಮ್ಮ ಘಟಕದಲ್ಲೂ ಮಡಿ ಇದೆ. ಕೈಗೆ ಅಂಟಿದ ಹಾಳು ಹುಳು ಪುಡಿಗೆ ಸೇರಬಾರದೆಂದು ಎಲ್ಲರೂ ಸ್ಪಿರಿಟ್ ಹಚ್ಚಿಕೊಳ್ಳುತ್ತೇವೆ, ಸಾಹೇಬರೂ ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಂಡ ಮೇಲೆ ಎಲ್ಲರ ಕೈಯೂ ಒಂದೇ.

"ಇದ್ರಾಗ ಜೀವ ಅದಾವ್ರಿ ಅಮ್ಮಾರ," ಎಂದೆ, ಪಾಕೀಟು ಕತ್ತರಿಸುತ್ತ. "ಕಣ್ಣಿಗಿ ಕಾಣಂಗಿಲ್ಲ. ಹಾಲಿಗಿ ಹೆಪ್ಪು ಹಾಕ್ತೀವಲ್ರಿ, ಹಂಗ ಇದು ಬೀಜಕ್ಕ ಹಾಕೋ ಹೆಪ್ಪು."

"ಹೆಪ್ಪು ಅಂದ್ರ ತಿಳೀತು ಬಿಡವ್ವ," ಎಂದು ಅಮ್ಮಾರು ನಕ್ಕರು.

ನಾನೂ ನಕ್ಕೆ. ಮೊಣಕಾಲೂರಿ ಕೂತು ಬೀಜಕ್ಕೆ ಪುಡಿ ಹಚ್ಚಿದೆ. ಶೇಂಗಾದ ಸಿಪ್ಪೆ ಬಲು ತೆಳು, ಜೋರಾಗಿ ಉಜ್ಜಿದರೆ ಬಿಟ್ಟುಕೊಂಡುಬಿಡುತ್ತದೆ. ಕೂಸಿಗೆ ಎಣ್ಣೆ ಹಚ್ಚಿದಂತೆ ಹಚ್ಚಬೇಕು. ಬೀಜವೆಲ್ಲ ಒಂದೇ ಸಮ ಕರ್ರಗೆ ಹೊಳೆಯತೊಡಗಿದಾಗ ನನಗೆ ಬಹಳ ಸಂತೋಷವಾಯಿತು. ನೆರಳಲ್ಲೇ ಆರಲಿ, ಬಿಸಿಲಿಗೆ ಬೇಡ, ಇವತ್ತೇ ಬಿತ್ತಿರಿ ಎಂದು ಹೇಳಿದೆ. ಹ್ಞೂಂ ಎಂದರು. ಹೊಲವನ್ನು ಗುರುತು ಮಾಡಲು ಯಜಮಾನರೊಂದಿಗೆ ಹೊರಟೆ. ಅರ್ಧಕ್ಕೆ ಕೆಂಪು ಬಟ್ಟೆಯ ಕೋಲು, ಅರ್ಧಕ್ಕೆ ಬಿಳಿ ಬಟ್ಟೆಯ ಕೋಲು ನೆಟ್ಟೆವು. ಮಧ್ಯಾಹ್ನ ಕೂರಿಗೆ ಹೂಡಿ ಬಿತ್ತಿದರು, ನಾನು ಬದುವಿನ ಮೇಲೆ ನಿಂತು ನೋಡಿದೆ. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದವಳು ನನ್ನ ಸ್ಟಾಪು ದಾಟಿ ಮುಂದೆ ಹೋಗಿದ್ದೆ.

ಬೆಳೆ ಎದ್ದಿತು. ಮಳೆಯೂ ಆ ವರ್ಷ ಸುಮಾರಾಗಿ ಕೈಹಿಡಿದಿತ್ತು. ಹೂ ಬಿಡುವ ಹೊತ್ತಿಗೆ ಹೋಗಿ ಎರಡೂ ಕಡೆಯ ಗಿಡ ಕಿತ್ತೆ. ಸಲಿಕೆಯಿಂದ ಸುತ್ತ ಮಣ್ಣು ಸಡಿಲಿಸಿ, ಬೇರು ಹರಿಯದಂತೆ ಎತ್ತಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದೆ. ನಮ್ಮ ಮಣ್ಣಿನಲ್ಲಿ ಮೊದಲಿನಿಂದಲೂ ಇರುವ ಬ್ಯಾಕ್ಟೀರಿಯಾಗಳೂ ಅಷ್ಟಿಷ್ಟು ಗಂಟು ಕಟ್ಟುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟು ಮೈಗಳ್ಳರು. ಅಂಥ ಗಂಟನ್ನು ಉಗುರಿನಿಂದ ಒಡೆದರೆ ಒಳಗೆ ಬಿಳಿ. ದುಡಿಯುವ ಗಂಟನ್ನು ಒಡೆದರೆ ಒಳಗೆ ನೆತ್ತರಿನಂತೆ ಕೆಂಪು. ಬಿಳಿ ಕೋಲಿನ ಕಡೆ ಒಡೆದೆ: ಬಿಳಿ, ಬಿಳಿ, ಎಲ್ಲೋ ಒಂದು ಕೆಂಪು. ಕೆಂಪು ಕೋಲಿನ ಕಡೆ, ನನ್ನ ಪುಡಿ ಹಚ್ಚಿದ ಕಡೆ, ಒಡೆದೆ: ಬಿಳಿ, ಬಿಳಿ, ಎಲ್ಲೋ ಒಂದು ಕೆಂಪು.

ಹೊಲದ ನಡುವೆ ಕೂತೇಬಿಟ್ಟೆ. ಏನು ತಪ್ಪಿತು? ಪುಡಿ ಬಸ್ಸಿನಲ್ಲಿ ಬಿಸಿಯಾಗಿ ಸತ್ತಿತೇ? ಒದ್ದೆ ಬಟ್ಟೆ ಸುತ್ತಿಯೇ ಒಯ್ದಿದ್ದೆನಲ್ಲ. ಬೆಲ್ಲದ ನೀರು ಬಿಸಿಯಿತ್ತೇ? ಬೆರಳದ್ದಿ ನೋಡಿದ್ದೆನಲ್ಲ. ಮರುದಿನ ಘಟಕದಲ್ಲಿ ಹೊಲಕ್ಕೆ ಒಯ್ದ ಪುಡಿಯ ಜೊತೆಗೇ ತಯಾರಾಗಿ ಉಳಿದಿದ್ದ ಪಾಕೀಟೊಂದನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಸೊಗಸಾಗಿ ಬೆಳೆಯಿತು, ಮುತ್ತು ಚೆಲ್ಲಿದಂತೆ ತಟ್ಟೆಯ ತುಂಬ. ಪುಡಿಯಲ್ಲಿ ಜೀವವಿತ್ತು. ಹಾಗಾದರೆ ಕೆಡಿಸಿದ್ದು ಯಾರು, ನಾನೇ? ಆ ದಿನಗಳಲ್ಲಿ ಅನ್ನ ಸೇರುತ್ತಿರಲಿಲ್ಲ. ಸಾಹೇಬರು ಕೇಳಿದಾಗ "ಇನ್ನೊಂದು ಸ್ವಲ್ಪ ದಿನ ನೋಡೋಣ ಸರ್" ಎಂದೆ. ಅವರು ನೋಡಲಿಲ್ಲ, ರೈತರನ್ನು ಕರೆದು ಬೆಳೆ ತೋರಿಸುವ ಕ್ಷೇತ್ರೋತ್ಸವದ ದಿನ ಗೊತ್ತುಮಾಡಿದರು. ಸುತ್ತಲಿನ ತಾಲ್ಲೂಕುಗಳ ರೈತರಿಗೆ ಹೇಳಿಕಳಿಸಿಯಾಯಿತು.

ಹಿಂದಿನ ದಿನ ಹೊಲಕ್ಕೆ ಮತ್ತೆ ಹೋದೆ, ಮತ್ತೊಮ್ಮೆ ನೋಡಿದರೆ ಬೇರು ಬದಲಾಗಿರುತ್ತದೋ ಎಂಬಂತೆ. ಗಿಡ ಕೀಳುತ್ತಿರುವಾಗ ಆ ಮನೆಯ ಸೊಸೆ ಬುತ್ತಿ ಇಳಿಸಿ ನನ್ನ ಹತ್ತಿರ ಬಂದಳು. ಹಡಗಲಿ ತಾಲ್ಲೂಕಿನ ಮಾಗಳದ ಕಡೆಯ ಹುಡುಗಿ, ಡಿಗ್ರಿ ಮಾಡಿದವಳು. ಅಷ್ಟು ದಿನ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಸುತ್ತ ನೋಡಿ ಕುಕ್ಕರುಗಾಲಲ್ಲಿ ಕೂತಳು.

"ಅಕ್ಕಾ, ಪುಡಿ ಹತ್ತಲಿಲ್ಲೇನು?"

"ಇಲ್ಲವ್ವ. ಏನಾತೋ ಗೊತ್ತಾಗವಲ್ದು."

ಅವಳು ಒಂದು ಗಂಟನ್ನು ಕಿತ್ತು ಬೆರಳಲ್ಲಿ ಹೊರಳಿಸುತ್ತ ಹೇಳಿದಳು.

"ನೀವು ಆವತ್ತು ಹೊಲಕ್ಕ ಹೋದ ಮ್ಯಾಲ ಅತ್ತಿ ಅರಿಶಿಣ ಗೋಮೂತ್ರ ಕಲಸಿ ಕೊಟ್ರು. ಬೀಜದ ಮ್ಯಾಲ ಚಿಮುಕ್ಸಿ ಬಿಸಲಿಗಿ ಎಳದ್ವಿ. ಬಿಸಲು ಚುರ್ ಅಂತಿತ್ತು. ಚಿಮುಕ್ಸಿದ್ದು ನಾನ ಅಕ್ಕಾ. ನೀವು ಜೀವ ಅದಾವ ಅಂತ ಹೇಳಿದ್ದು ಕಿವ್ಯಾಗ ಇತ್ತು. ಬಾಯಿ ಬಿಡಾಕ ಆಗ್ಲಿಲ್ಲ."

"ಯಾಕ ಚಿಮುಕ್ಸಿದ್ರಿ?" ಎಂದೆ. ಕೇಳಿದ ಮೇಲೆ ಏಕೆ ಕೇಳಿದೆ ಅನ್ನಿಸಿತು.

ಅವಳ ಕಣ್ಣು ತುಂಬಿತು. "ನಾ ಹೇಳ್ದೆ ಅಂತ ಯಾರ ಮುಂದೂ ಹೇಳಬ್ಯಾಡ್ರಿ," ಎಂದು ಎದ್ದು ಹೋದಳು.

ಕಿತ್ತ ಗಿಡಗಳನ್ನು ಬಕೆಟ್ಟಿಗೆ ಹಾಕಿ ಎದ್ದೆ. ಅರಿಶಿನ ಗಾಯಕ್ಕೆ ಹಚ್ಚುವುದೇ ಹುಳು ಸಾಯಲೆಂದು. ಅದರ ಮೇಲೆ ಗೋಮೂತ್ರ, ಅದರ ಮೇಲೆ ನಮ್ಮ ಸೀಮೆಯ ಬಿಸಿಲು. ನೀಲಗುಂದದ ಬಡ ಜೀವಗಳು ಏನು ಮಾಡಿಯಾವು? ನಾನು ಬದುವಿನ ಮೇಲೆ ನಿಂತು ಖುಷಿಯಿಂದ ನೋಡಿದ್ದು ಸತ್ತ ಪುಡಿಯ ಬಿತ್ತನೆಯನ್ನು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದಳು. ಕೇಳಿ ನಕ್ಕುಬಿಟ್ಟಳು.

"ಗೊತ್ತಿದ್ದಿಲ್ಲೇನು ನಿನಗ? ನಾವು ಬೀಜದ ಶೇಂಗಾ ಸುಲಿಯಾಕ ಹೋಗ್ತಿದ್ವಲ್ಲ, ದಿನಾ ಸಂಜಿಕಿ ಅದ ಕೆಲ್ಸ. ನಾವು ಎದ್ದು ಅಂಗಳ ದಾಟಿರ್ತಿದ್ದಿಲ್ಲ, ಹಿಂದ ಚಿಮುಕ್ಸಾಕ ಹತ್ತಿರ್ತಿದ್ರು."

"ನನಗ ಯಾಕ ಹೇಳಿಲ್ಲ?"

"ಏನಂತ ಹೇಳ್ಲಿ? ಬೀಜಕ್ಕೇನೂ ಆಗ್ತಿದ್ದಿಲ್ಲ, ಹುಟ್ಟತಿತ್ತು. ನಮಗೂ ಏನೂ ಆಗ್ತಿದ್ದಿಲ್ಲ, ನಾವೂ ಬದುಕಿದ್ವಿ. ನಿನ್ನ ಹುಳಾನ ಬಾಳ ಸೂಕ್ಷ್ಮ ಅದಾವ ನೋಡು."

ಅವ್ವನ ಮೇಲೆ ಕೂಗಾಡಿದೆ. ಅವಳು ಸೊಪ್ಪಿನ ಕಡ್ಡಿ ಮುರಿಯುತ್ತಲೇ ಇದ್ದಳು. ಸುಲಿದವರು ಕೂಲಿ ಇಸಿದುಕೊಂಡು ಬರುತ್ತಿದ್ದರು, ಬೀಜ ಹೊಲಕ್ಕೆ ಹೋಗುತ್ತಿತ್ತು, ನಡುವಿನದನ್ನು ಯಾರೂ ಮಾತಾಡುತ್ತಿರಲಿಲ್ಲ. ಅದು ಆ ಮನೆಯವರು ನನಗಾಗಿಯೇ ಮಾಡಿದ್ದಲ್ಲ, ಬೀಜಕ್ಕೆ ಹೊರಗಿನ ಕೈ ಬಿದ್ದರೆ ಯಾವಾಗಲೂ ಮಾಡುವುದು ಎಂದು ತಿಳಿದಾಗ ನನಗೆ ಸಮಾಧಾನವಾಗಬೇಕಿತ್ತೋ ಏನೋ. ಇನ್ನಷ್ಟು ಉರಿಯಿತು.

ಕ್ಷೇತ್ರೋತ್ಸವಕ್ಕೆ ಶಾಮಿಯಾನ ಹಾಕಿದ್ದರು. ಟಂಟಂ ಗಾಡಿಗಳಲ್ಲಿ ಜನ ಬಂದರು. ಉಪ್ಪಿಟ್ಟು, ಚಹಾ ಆಯಿತು. ಸಾಹೇಬರು ಮಾತಾಡಿ ಎಲ್ಲರನ್ನೂ ಹೊಲದೊಳಗೆ ಕರೆದುಕೊಂಡು ಹೋದರು. ನಾನು ಹಿಂದೆ. ಕೆಂಪು ಕೋಲಿನ ಕಡೆಯ ಗಿಡ, ಬಿಳಿ ಕೋಲಿನ ಕಡೆಯ ಗಿಡ ಎತ್ತಿ ಹಿಡಿದರು. ಹರಪನಹಳ್ಳಿ ಕಡೆಯ ರೈತರೊಬ್ಬರು ಎರಡನ್ನೂ ಇಸಿದುಕೊಂಡು ತಿರುವಿ ನೋಡಿದರು.

"ಏನ್ ಸಾರ್, ಎರಡೂ ಅಣ್ಣತಮ್ಮ ಇದ್ದಂಗ್ ಅದಾವಲ್ಲ!"

ಎಲ್ಲರೂ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಯಜಮಾನರು ನನಗೆ ನೋವಾಗಬಾರದೆಂದು ಮೆಲ್ಲನೆ ಹೇಳಿದರು: "ನಮ್ಮ ತಂಗಿ ಬಾಳ ಕಷ್ಟ ಬಿದ್ದಾಳ್ರಿ. ಪುಡಿಗೇನ ಕಸುವು ಇಲ್ಲ ಅನಸತೈತಿ."

ಸುಮ್ಮನಿರಬೇಕೆಂದು ರಾತ್ರಿಯೆಲ್ಲ ಅಂದುಕೊಂಡಿದ್ದೆ. ಸೊಸೆ ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು, ಅವಳ ಕಡೆ ನೋಡಲಿಲ್ಲ. ಆದರೆ ಪುಡಿಗೆ ಕಸುವಿಲ್ಲ ಎಂಬ ಮಾತನ್ನು ನನ್ನಿಂದ ನುಂಗಲಾಗಲಿಲ್ಲ.

"ಪುಡಿಗಿ ಕಸುವು ಐತ್ರಿ," ಎಂದೆ. ದನಿ ನನಗೇ ದೊಡ್ಡದಾಗಿ ಕೇಳಿಸಿತು. "ನಮ್ಮವ್ವ ಇಂಥಾ ಮನಿಗಳಾಗ ಶೇಂಗಾ ಸುಲದಾಕಿ, ಪದ್ಧತಿ ನನಗ ಗೊತ್ತೈತಿ. ನಾ ಮುಟ್ಟಿದ ಬೀಜಕ್ಕ ಅರಿಶಿಣ ಗೋಮೂತ್ರ ಚಿಮುಕ್ಸಿ ಬಿಸಲಿಗಿ ಹಾಕೀರಿ. ಹೌದೋ ಅಲ್ಲೋ ಹೇಳ್ರಿ ಯಜಮಾನ್ರ."

ಅವರು ತಲೆ ತಗ್ಗಿಸುತ್ತಾರೆ, ಇಲ್ಲವೆ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅವರಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು.

"ಹೌದವ್ವ, ಹಾಕೀವಿ. ಯಾವಾಗ್ಲೂ ಹಾಕ್ತೀವಿ. ಬೀಜ ಭೂಮಿತಾಯಿ ಹೊಟ್ಟಿಗಿ ಹೋಗೂದು, ಶುದ್ಧ ಆಗಬೇಕಲ್ಲ. ಯಾರ್ಯಾರದೋ ಕೈ ಬಿದ್ದಿರ್ತಾವ. ಅದ್ರಾಗೇನು ತಪ್ಪೈತಿ?"

ಅಲ್ಲಿ ನಿಂತಿದ್ದವರಲ್ಲಿ ಅರಿಶಿನದ ನೀರಿನ ಅರ್ಥ ತಿಳಿಯದವರು ಒಬ್ಬರೂ ಇರಲಿಲ್ಲ, ಸಾಹೇಬರೂ ಸೇರಿ. ಒಂದು ಗಳಿಗೆ ನನಗೆ, ಈಗ ಯಾರಾದರೂ ಏನಾದರೂ ಅನ್ನುತ್ತಾರೆ ಎನ್ನಿಸಿತು. ಅಂದವರು ಸಾಹೇಬರು.

"ನೋಡಿ, ಬಹಳ ಒಳ್ಳೆ ಅಂಶ ಬಂತು," ಎಂದು ಗಂಟಲು ಸರಿಮಾಡಿಕೊಂಡರು. "ಅರಿಶಿನದಲ್ಲಿ ಸೂಕ್ಷ್ಮಾಣು ಕೊಲ್ಲೋ ಗುಣ ಇದೆ. ಆದ್ದರಿಂದ ಬೀಜೋಪಚಾರ, ಅಂದ್ರೆ ಪುಡಿ ಹಚ್ಚೋದು, ಆದ ಮೇಲೆ ಬೀಜಕ್ಕೆ ಬೇರೆ ಏನನ್ನೂ ಸೇರಿಸಬಾರದು. ಎಲ್ಲರೂ ಬರ್ಕೊಳ್ಳಿ."

ಜನಕ್ಕೆ ಉಸಿರು ಬಂತು. ಹಲವರು ನಿಜವಾಗಿಯೂ ಬರೆದುಕೊಂಡರು.

"ಹಂಗಾದ್ರ ಸರ," ಎಂದು ಹಿಂದಿನಿಂದ ಒಬ್ಬರು ಕೇಳಿದರು, "ಮೊದ್ಲ ಶುದ್ಧ ಮಾಡಿ, ಆಮ್ಯಾಲ ಪುಡಿ ಹಚ್ಚಿದ್ರ ನಡೀತೈತಿ?"

"ಒಣಗಿದ ಮೇಲೆ ಹಚ್ಚಿ. ತೊಂದರೆ ಇಲ್ಲ."

"ಹಂಗ ಮಾಡೋಣು ಬಿಡ್ರಿ," ಎಂದು ಯಜಮಾನರು ಹಗುರಾದರು. "ಪುಡಿ ನಮ್ಮನಿ ಹೆಣ್ಮಕ್ಕಳ ಹಚ್ಚತಾರ. ನಮ್ಮ ತಂಗಿ ನಿಂತು ತೋರಿಸಿಕೊಟ್ರ ಸಾಕು."

ಎಲ್ಲರಿಗೂ ಒಪ್ಪಿಗೆಯಾಯಿತು. ಅಷ್ಟು ಸಲೀಸಾಗಿ ನಮ್ಮ ಸೀಮೆಯಲ್ಲಿ ಯಾವ ಜಗಳವೂ ಬಗೆಹರಿದದ್ದನ್ನು ನಾನು ನೋಡಿಲ್ಲ.

ಜೀಪಿನಲ್ಲಿ ವಾಪಸು ಬರುವಾಗ ಸಾಹೇಬರೇ ಮಾತು ತೆಗೆದರು. "ಪುಡಿ ತಪ್ಪಲ್ಲ ಅಂತ ಗೊತ್ತಾಯ್ತಲ್ಲ. ಕಾರಣ ಹಿಡಿದವಳು ನೀನು. ಹುದ್ದೆ ನಿನಗೇ."

"ಸರ್, ಶುದ್ಧ ಯಾಕ ಮಾಡಬೇಕು ಅಂತ ಯಾರಾರ ಒಬ್ರು ಕೇಳಬೇಕಿತ್ತಲ್ರಿ," ಎಂದೆ.

ಅವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ನಮ್ಮ ಕೆಲಸ ಬ್ಯಾಕ್ಟೀರಿಯಾ ಉಳಿಸೋದಮ್ಮ. ಬಂದ ರೈತರು ಎದ್ದು ಹೋದರೆ ಅದೂ ಉಳಿಯೋಲ್ಲ."

ಹುದ್ದೆ ಬೇಡ ಅನ್ನಬೇಕಿತ್ತೇ? ಅನ್ನಲಿಲ್ಲ. ನನಗೆ ಅದು ಬೇಕಿತ್ತು. ಅವ್ವ ಕೇರಿಯ ತುಂಬ ಹೇಳಿಕೊಂಡು ಬಂದಳು. ಅವಳಿಗೆ ನಡೆದದ್ದನ್ನೆಲ್ಲ ಹೇಳಿದಾಗ ತುಸು ಯೋಚಿಸಿ, "ನಮ್ಮ ಕಾಲಕ್ಕ ಅವ್ರು ನಿಂತು ಹೇಳ್ತಿದ್ರು, ನಾವು ಬಗ್ಗಿ ಮಾಡ್ತಿದ್ವಿ. ಈಗ ನೀ ನಿಂತು ಹೇಳ್ತಿ, ಅವ್ರು ಬಗ್ಗಿ ಮಾಡ್ತಾರ. ನಿನಗ್ಯಾಕ ಸಿಟ್ಟು?" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ನಿಂತು ಹೇಳುವುದಕ್ಕೂ ನಿಲ್ಲಿಸಿದ ಕಡೆ ನಿಂತು ಹೇಳುವುದಕ್ಕೂ ವ್ಯತ್ಯಾಸವಿದೆ ಎಂದು ನನ್ನ ಮೈಗೆ ಗೊತ್ತಿತ್ತು.

ಮುಂದಿನ ಮುಂಗಾರಿಗೆ ಹೊಸ ಕರಪತ್ರ ಅಚ್ಚಾಯಿತು. ಬೆಲ್ಲದ ನೀರು, ನೆರಳು, ಅದೇ ದಿನ ಬಿತ್ತನೆ, ಎಲ್ಲದರ ಕೆಳಗೆ ಒಂದು ಹೊಸ ಸಾಲು: ಬೀಜದ ಶುದ್ಧಿ ಮುಂತಾದ ಸಂಪ್ರದಾಯಗಳನ್ನು ಬೀಜೋಪಚಾರಕ್ಕೆ ಮುನ್ನವೇ ಮುಗಿಸಿಕೊಳ್ಳತಕ್ಕದ್ದು. ಊರೂರಿನಲ್ಲಿ ಅದನ್ನು ಓದಿ ಹೇಳಬೇಕಾದವಳು ನಾನು. ಹರಪನಹಳ್ಳಿಯ ಕಡೆ ಓದಿದೆ, ಹಡಗಲಿಯ ಕಡೆ ಓದಿದೆ. ಆ ಸಾಲು ಬಂದಾಗ ಕೆಲವು ಊರುಗಳಲ್ಲಿ ಜನ ತಲೆಯಾಡಿಸುತ್ತಿದ್ದರು, ಕೆಲವು ಊರುಗಳಲ್ಲಿ ಹಿಂದೆ ಕೂತವರು ನೆಲ ನೋಡುತ್ತಿದ್ದರು. ನೆಲ ನೋಡುವವರು ಯಾರೆಂದು ನನಗೆ ಗೊತ್ತಾಗುತ್ತಿತ್ತು. ಅವರಿಗೆ ನಾನು ಯಾರೆಂದೂ ಗೊತ್ತಾಗುತ್ತಿತ್ತೇನೋ. ಒಂದು ಊರಿನಲ್ಲಿ ಆ ಸಾಲನ್ನು ಬಿಟ್ಟು ಓದಿದೆ. ಅಲ್ಲಿನ ಹೊಲಗಳಲ್ಲಿ ಪುಡಿ ಹತ್ತಲಿಲ್ಲ, ಸಾಹೇಬರು ಬೈದರು. ಆಮೇಲೆ ಬಿಡಲಿಲ್ಲ.

ಆ ಯಜಮಾನರ ಅಂಗಳಕ್ಕೂ ಹೋದೆ. ಬೀಜಕ್ಕೆ ಹಿಂದಿನ ದಿನವೇ ಚಿಮುಕಿಸಿ ಒಣಗಿಸಿ ಇಟ್ಟಿದ್ದರು. ತಾಡಪಾಲಿನ ಅಂಚಿನಿಂದ ಈಚೆ ನಿಂತು ನಾನು ಹೇಳಿದೆ, ಸೊಸೆ ಕೂತು ಹಚ್ಚಿದಳು. "ಮೆಲ್ಲಕ ತಂಗಿ, ಸಿಪ್ಪಿ ಬಿಟ್ಟೀತು," ಎಂದೆ. ಅವಳು ಒಮ್ಮೆಯೂ ತಲೆಯೆತ್ತಲಿಲ್ಲ. ಅವಳ ಕೈ ಚೆನ್ನಾಗಿತ್ತು, ನನಗಿಂತ ನಯವಾಗಿ ಹಚ್ಚಿದಳು. ನೆರಳಲ್ಲೇ ಆರಿಸಿದರು, ಅಂದೇ ಬಿತ್ತಿದರು.

ಹೂ ಬಿಡುವ ಹೊತ್ತಿಗೆ ಯಜಮಾನರೇ ಫೋನು ಮಾಡಿ ಕರೆಸಿದರು. ಕೆಂಪು ಕೋಲಿನ ಕಡೆ ದೂರದಿಂದಲೇ ಗುರುತು ಸಿಗುತ್ತಿತ್ತು, ಎಲೆ ಕಡುಹಸಿರು, ಗಿಡ ತುಂಬಿಕೊಂಡು ಕೂತಿತ್ತು. ಒಂದು ಗಿಡ ಎತ್ತಿ ತೊಳೆದೆ. ಬೇರಿನ ತುಂಬ ಗಂಟು. ಒಂದನ್ನು ಉಗುರಿನಿಂದ ಒಡೆದೆ, ಕೆಂಪು. ಇನ್ನೊಂದು, ಕೆಂಪು. ಎಲ್ಲವೂ ಕೆಂಪು. ಆ ಕ್ಷಣಕ್ಕೆ ನನಗೆ ಬೇರೇನೂ ನೆನಪಿರಲಿಲ್ಲ, ಕುಣಿಯುವಷ್ಟು ಖುಷಿಯಾಗಿತ್ತು. ಅಂಗೈಯಲ್ಲಿ ಇಟ್ಟುಕೊಂಡು ಯಜಮಾನರಿಗೆ ತೋರಿಸಿದೆ. ಅವರು ಬಾಗಿ ನೋಡಿ ಕಣ್ಣರಳಿಸಿದರು.

"ನೋಡಿದ್ಯಾ ತಂಗಿ," ಎಂದರು. "ಕ್ರಮ ತಪ್ಪದಂಗ ಶುದ್ಧ ಮಾಡಿದ್ದಕ್ಕ ಎಷ್ಟ ಚಲೋ ಬಂತು!"

ಅಂಗೈಯಲ್ಲಿದ್ದ ಗಂಟುಗಳ ಮೇಲೆ ಬೆರಳು ಮುಚ್ಚಿದೆ. ಆಮೇಲೆ, ಆದಷ್ಟು ಮೆತ್ತಗೆ ಹೇಳಿದೆ: "ಯಜಮಾನ್ರ, ಆ ಪಾಕೀಟಿನಾಗಿನ ಪುಡಿ ಕಲಸಿದಾಕಿ ನಾನರಿ. ಈ ವರ್ಷ ಘಟಕದಾಗ ಆಳು ಕಮ್ಮಿ ಇತ್ತು, ನಿಮ್ಮೂರಿಗಿ ಬಂದ ಅಷ್ಟೂ ಪುಡಿ ನಾನ ಕಲಸೀನಿ. ಈ ಕೈಲೆ."

ಅವರು ನನ್ನ ಮುಖ ನೋಡಿದರು. ಸಿಟ್ಟಾಗಲಿಲ್ಲ. ನನ್ನ ಮನಸ್ಸಿನಲ್ಲೇನೋ ನೋವಿದೆ ಎಂದು ಅವರಿಗೆ ತಿಳಿಯಿತು, ಸಮಾಧಾನ ಹೇಳಬೇಕೆಂದು ನಿಜವಾಗಿಯೂ ಅನ್ನಿಸಿತು. ಹತ್ತಿರ ಬಂದು ದನಿ ತಗ್ಗಿಸಿ, ಮಗಳಿಗೆ ಹೇಳುವಂತೆ ಹೇಳಿದರು.

"ಇರಲಿ ಬಿಡವ್ವ. ಪಾಕೀಟಿನ ಒಳಗಿಂದು ಯಾರು ನೋಡಾಕ ಹೋಗ್ತಾರ? ನೀ ಹೇಳಬ್ಯಾಡ, ನಾನೂ ಹೇಳಂಗಿಲ್ಲ."

ನಾನು ಗಿಡವನ್ನು ಬದುವಿನ ಮೇಲೆ ಇಟ್ಟು, ಬಕೆಟ್ಟಿನ ಉಳಿದ ನೀರನ್ನು ಸಾಲಿಗೆ ಚೆಲ್ಲಿದೆ. ಅವರು ಮುಂದಿನ ವರ್ಷ ಇಡೀ ಹೊಲಕ್ಕೆ ಕರಿಪುಡಿ ಬೇಕೆಂದು ಹೇಳುತ್ತ ಮುಂದೆ ನಡೆದರು, ನಾನು ಹ್ಞೂಂ ಎನ್ನುತ್ತ ಹಿಂದೆ ನಡೆದೆ.